ನಿಮಗಿದು ಗೊತ್ತೆ?: ನೀರಿಗಿಳಿಯುವಾಗ ಕಾರಿನ ಕೀ ಎಲ್ಲಿ?

ಮೂಲ್ಕಿಗೆ ಸರ್ಫಿಂಗ್‌ಗೋ ದಾಂಡೇಲಿಯ ಕಾಳಿ ನದಿಗೆ ರ‍್ಯಾಫ್ಟಿಂಗ್‌ಗೋ ಹೋದವರನ್ನು ದಡದಲ್ಲೇ ಕಾಡುವ ಪ್ರಶ್ನೆಯಿದು. ಹಳೇ ಕಾಲದ ಕೀ ಬರೀ ಲೋಹದ ತುಂಡು; ಚಡ್ಡಿಯ ಲಾಡಿಗೆ ಕಟ್ಟಿಕೊಂಡು ಧುಮುಕಿದರಾಯಿತು. ಈಗಿನದು ಪುಟ್ಟ ರೇಡಿಯೊ. ಒಳಗಿರುವುದು ಸರ್ಕ್ಯೂಟ್ ಬೋರ್ಡು, ನಾಣ್ಯದಂಥ 3 ವೋಲ್ಟ್ ಸೆಲ್ಲು. ಉಪ್ಪುನೀರು ಹೊಕ್ಕರೆ ವಿದ್ಯುತ್ತು ಸಿಕ್ಕ ದಾರಿಯಲ್ಲೆಲ್ಲ ಹರಿದು ಬೋರ್ಡಿನ ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ.

ಟೈರಿನ ಮೇಲೆ ಬಚ್ಚಿಟ್ಟರೆ? ಸ್ಮಾರ್ಟ್ ಕೀ ಆದರೆ ಕಳ್ಳ ಹುಡುಕುವ ಕಷ್ಟವನ್ನೂ ಪಡಬೇಕಿಲ್ಲ. ಕೀ ಹತ್ತಿರದಲ್ಲೇ ಇದೆಯೆಂದು ಕಾರೇ ಗುರುತಿಸಿ, ಹಿಡಿ ಮುಟ್ಟಿದವರಿಗೆ ಬಾಗಿಲು ತೆರೆದೀತು! ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸಂದಿಯಿಲ್ಲದಂತೆ ಸುತ್ತಿದರೆ ರೇಡಿಯೊ ಅಲೆಯನ್ನು ಅದು ಬಹುಪಾಲು ತಡೆಯುತ್ತದೆ. ಮೊದಲು ಮನೆಯಲ್ಲೇ ಪರೀಕ್ಷಿಸಿ.

ಜಾಗ್ವಾರ್ ಕಂಪನಿ 2016ರಲ್ಲಿ ಬಂದ ಎಫ್-ಪೇಸ್ ಕಾರಿಗೆ ನೀರಿಗಂಜದ ಕೈಪಟ್ಟಿಯನ್ನೇ ಕೊಟ್ಟಿತು. ಡಿಕ್ಕಿ ಬಾಗಿಲಿನ ಮೇಲಿರುವ ಹೆಸರಿನ 'ಜೆ' ಅಕ್ಷರದ ಬಳಿ ಅದನ್ನು ಹಿಡಿದರೆ ಕಾರು ಲಾಕ್. ಒಳಗೆ ಬಿಟ್ಟ ಕೀ ನಿದ್ದೆಗೆ.

ಅಂಥ ಭಾಗ್ಯವಿಲ್ಲದವರಿಗೆ ನೀರು ಹೊಗದ ಚೀಲ, ಅಂದರೆ ಡ್ರೈ ಬ್ಯಾಗ್ ಇದೆ. ಗಾಳಿ ಹೊರದೂಡಿ, ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಿ ಬಕಲ್ ಹಾಕಿ. ಚೀಲದ ಮೇಲೆ 'ಐಪಿ67' ಎಂಬ ನೀರುನಿರೋಧಕ ದರ್ಜೆ ಇದ್ದರೂ ಅದು 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷದ ಪರೀಕ್ಷೆಯಷ್ಟೇ, ಅಲೆಯ ಹೊಡೆತಕ್ಕಲ್ಲ.

ಕೀ ನೆನೆದೇ ಹೋಯಿತೆ? ಗುಂಡಿ ಒತ್ತಿ ನೋಡಬೇಡಿ. ಸೆಲ್ ತೆಗೆದು, ಸಿಹಿನೀರಲ್ಲಿ ಬೋರ್ಡು ತೊಳೆದು, ನೆರಳಲ್ಲಿ ಒಂದೆರಡು ದಿನ ಒಣಗಿಸಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಉಪ್ಪು ಹೋಗದು.