ಸಮಾಜಕಾರ್ಯದ ಪಾಠ ನಡೆಯುವುದೆಲ್ಲಿ?

ಮಕ್ಕಳನ್ನು ಎಂ.ಎಸ್.ಡಬ್ಲ್ಯೂ. ಓದಿಸುವ ಕುಟುಂಬಗಳು ಅರಿತಿರಬೇಕಾದ ಮಾತಿದು. ನಮ್ಮ ದೇಶದಲ್ಲಿ ಈ ಶಿಕ್ಷಣ 1936ರಲ್ಲಿ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ ಮುಂಬಯಿಯಲ್ಲಿ ಆರಂಭವಾಯಿತು. 1960ರಲ್ಲಿ ಮರಿಯಾ ಹೃದಯದ ಪುತ್ರಿಯರ ಸಭೆಯವರು ಮಂಗಳೂರಿನಲ್ಲಿ ರೋಶನಿ ನಿಲಯ ತೆರೆದರು. ಕ್ಷೇತ್ರಕಾರ್ಯವೇ ಇದರ ಜೀವಾಳ. ವಿದ್ಯಾರ್ಥಿಗಳು ಆಸ್ಪತ್ರೆ, ಕೊಳೆಗೇರಿ, ಹಳ್ಳಿಗಳಿಗೆ ಹೋಗಿ, ಕಂಡದ್ದನ್ನು ಬರೆದು, ಅಧ್ಯಾಪಕರೊಡನೆ ಕುಳಿತು ತಿದ್ದಿಕೊಳ್ಳುತ್ತಾರೆ.

2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿ ತಂದಿತು. ಸಂಶೋಧನಾ ಲೇಖನಗಳಿಗೆ ತೂಕ ಬಂತು. ಸಂಶೋಧನೆ ಬೇಕು, ಕ್ಷೇತ್ರದ ಪ್ರಶ್ನೆಯಿಂದ ಹುಟ್ಟಿದರೆ ಅದು ಪಾಠವನ್ನೂ ಬೆಳಗಿಸುತ್ತದೆ. ಆದರೆ ಲೇಖನಗಳನ್ನು ಎಣಿಸುವುದು ಸುಲಭ, ವಿದ್ಯಾರ್ಥಿಯ ಪಕ್ಕ ಕುಳಿತ ಗಂಟೆಗಳನ್ನು ಅಳೆಯುವುದು ಕಷ್ಟ. ಆ ಗಂಟೆಗಳು ಕರಗಿದರೆ ನಷ್ಟ ಬಡವರಿಗೆ: ಪದವೀಧರರು ಬರುತ್ತಾರೆ, ಅವರ ಮಾತು ಕೇಳಲು ಕಲಿತವರು ಬರುವುದಿಲ್ಲ.

ಆದ್ದರಿಂದ ಕಾಲೇಜು ಆರಿಸುವಾಗ ಶುಲ್ಕದ ಜೊತೆಗೆ ಇದನ್ನೂ ಕೇಳಿರಿ: ಕ್ಷೇತ್ರಕಾರ್ಯ ವಾರಕ್ಕೆ ಎಷ್ಟು ದಿನ? ಮಾರ್ಗದರ್ಶನ ಯಾರದು?