ಬಾಲ್ಯದ ಅಗಲಿಕೆ ಮತ್ತು ದೊಡ್ಡವರ ಮನಸ್ಸು

ಮಗು ಆಸ್ಪತ್ರೆ ಸೇರಿದಾಗ ತಾಯಿ ಅಥವಾ ತಂದೆ ಹತ್ತಿರವಿರುವುದು ನಮಗೆ ಸಹಜವೆನಿಸುತ್ತದೆ. ಆದರೆ 1950ರ ಸುಮಾರಿಗೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಪಾಲಕರಿಗೆ ಮಗುವನ್ನು ನೋಡಲು ಸ್ವಲ್ಪ ಹೊತ್ತು ಮಾತ್ರ ಅವಕಾಶವಿತ್ತು. ಅವರು ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂದು ನಂಬಲಾಗಿತ್ತು.

1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವರು ಎರಡು ವರ್ಷದ ಹೆಣ್ಣುಮಗುವಿನ ಎಂಟು ದಿನಗಳ ಆಸ್ಪತ್ರೆವಾಸವನ್ನು ಚಿತ್ರೀಕರಿಸಿ ತೋರಿಸಿದರು. ಅವರೂ ಮನೋವೈದ್ಯ ಜಾನ್ ಬೌಲ್ಬಿಯವರೂ ಕಂಡುಕೊಂಡದ್ದಿಷ್ಟು: ಅಗಲಿದ ಮಗು ಮೊದಲು ಅಳುತ್ತದೆ, ನಂತರ ಮಂಕಾಗುತ್ತದೆ, ಅಗಲಿಕೆ ದೀರ್ಘವಾದರೆ ಹೊಂದಿಕೊಂಡಂತೆ ಕಂಡರೂ ತಾಯಿ ಬಂದಾಗ ಮುಖ ತಿರುಗಿಸುತ್ತದೆ. ಆ ಮೌನ ಸಮಾಧಾನವಲ್ಲ, ಆಸೆ ಬಿಟ್ಟ ಸ್ಥಿತಿ. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯು ಪಾಲಕರ ಭೇಟಿಗೆ ನಿರ್ಬಂಧ ಬೇಡವೆಂದು ಶಿಫಾರಸು ಮಾಡಿತು.

ಮುಂದೆ ಏನಾಗುತ್ತದೆ?

'ಕರೆದರೆ ಯಾರಾದರೂ ಬರುತ್ತಾರೆ' ಎಂಬ ನಂಬಿಕೆ ಎಳವೆಯಲ್ಲೇ ಬೇರೂರುತ್ತದೆ. ಅದು ಅಲುಗಿದರೆ ದೊಡ್ಡವರಾದ ಮೇಲೆ ಕೆಲವರಿಗೆ ಹತ್ತಿರದವರು ಬಿಟ್ಟುಹೋಗುವರೆಂಬ ಭಯ ಕಾಡಬಹುದು. ಇನ್ನು ಕೆಲವರು ಕಷ್ಟ ಬಂದರೂ ಯಾರ ನೆರವನ್ನೂ ಕೇಳದೆ ಒಳಗೇ ನುಂಗಿಕೊಳ್ಳಬಹುದು. ಇದು ಎಲ್ಲರಿಗೂ ಆಗುವುದಿಲ್ಲ. ಅಗಲಿಕೆ ಎಷ್ಟು ಕಾಲದ್ದು, ಆಗ ಮಗುವಿನ ವಯಸ್ಸೆಷ್ಟು, ಪ್ರೀತಿಯಿಂದ ನೋಡಿಕೊಂಡ ಅಜ್ಜಿ, ಅತ್ತೆ ಯಾರಾದರೂ ಇದ್ದರೇ ಎಂಬುದರ ಮೇಲೆ ಪರಿಣಾಮ ನಿಂತಿದೆ.

ಸರಿಪಡಿಸಬಹುದೇ?

ಬಹುಮಟ್ಟಿಗೆ ಹೌದು. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ನಂತರ ಅನಾಥಾಲಯಗಳ 136 ಮಕ್ಕಳ ಅಧ್ಯಯನ ನಡೆಯಿತು. ಸಾಕುಕುಟುಂಬ ಸೇರಿದ ಮಕ್ಕಳು, ಅದರಲ್ಲೂ ಎರಡು ವರ್ಷದೊಳಗೆ ಸೇರಿದವರು, ಸಾಕಿದವರೊಡನೆ ಹೆಚ್ಚು ಭದ್ರವಾದ ನಂಟು ಬೆಳೆಸಿಕೊಂಡರು. ದೊಡ್ಡವರಲ್ಲಿಯೂ ನಂಬಿಕೆಗೆ ಅರ್ಹರಾದ ಸಂಗಾತಿ, ಸ್ನೇಹಿತರು ಹಾಗೂ ಆಪ್ತಸಲಹೆಯಿಂದ ಮನಸ್ಸು ಚೇತರಿಸಿಕೊಳ್ಳಬಲ್ಲದು.

ಪಾಲಕರು ಗಮನಿಸಿ

1. ಮಗುವಿಗೆ ಹೇಳದೆ ಕದ್ದು ಹೋಗಬೇಡಿ. ಅತ್ತರೂ ಸರಿ, ಹೇಳಿಯೇ ಹೋಗಿ.
2. ಯಾವಾಗ ಬರುವಿರೆಂದು ಮಗುವಿಗೆ ತಿಳಿಯುವಂತೆ ಹೇಳಿ. ಹೇಳಿದ ಹೊತ್ತಿಗೆ ಬನ್ನಿ.
3. ನೀವಿಲ್ಲದಾಗ ದಿನಕ್ಕೊಬ್ಬರ ಬದಲು ಪರಿಚಯದ ಒಬ್ಬರೇ ಜೊತೆಗಿರಲಿ.
4. ಮನೆಗೆ ಮರಳಿದ ಮೇಲೆ ಮಗು ಹಟ ಮಾಡಿದರೆ, ಅಂಟಿಕೊಂಡರೆ ಗದರಬೇಡಿ.
5. ಹಾಸ್ಟೆಲಿನಲ್ಲಿರುವ ಮಕ್ಕಳೊಡನೆ ಅಂಕಗಳ ವಿಷಯವಷ್ಟೇ ಅಲ್ಲ, ಮನಸ್ಸಿನ ಮಾತನ್ನೂ ಆಡಿ.

ಹಳೆಯ ಅಗಲಿಕೆಯ ನೋವು ನಿಮ್ಮ ನಿದ್ರೆ, ಕೆಲಸ, ಸಂಸಾರವನ್ನು ಕೆಡಿಸುತ್ತಿದ್ದರೆ ವೈದ್ಯರಲ್ಲಿ ಸಂಕೋಚವಿಲ್ಲದೆ ತಿಳಿಸಿರಿ. 2022ರಲ್ಲಿ ಆರಂಭವಾದ 'ಟೆಲಿ ಮನಸ್' ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.