ಸಾಮಾನ್ಯ ಗಣಕಗಳ ಸಂಘಶಕ್ತಿ

ಮುಂಗಾರಿನ ಗತಿಯನ್ನು ಮುಂಗಂಡು ಹೇಳುವುದಕ್ಕೂ, ವಿಮಾನದ ರೆಕ್ಕೆಯ ಮೇಲೆ ಗಾಳಿಯು ಹರಿಯುವ ಬಗೆಯನ್ನು ನಿರ್ಣಯಿಸುವುದಕ್ಕೂ ಕೋಟ್ಯನುಕೋಟಿ ಲೆಕ್ಕಗಳನ್ನು ಕ್ಷಿಪ್ರವಾಗಿ ಮಾಡಬೇಕಾಗುವುದು. ಇಂತಹ ಕಾರ್ಯಕ್ಕೆಂದೇ ನಿರ್ಮಿತವಾದ ಮಹಾಗಣಕಗಳು ಒಂದು ಕಾಲಕ್ಕೆ ಸಿರಿವಂತ ರಾಷ್ಟ್ರಗಳ ಸೊತ್ತಾಗಿದ್ದವು. ಹಣವೊಂದಿದ್ದರೂ ಸಾಲದು, ಮಾರುವವರ ಮರ್ಜಿಯೂ ಬೇಕಾಗಿತ್ತು. ೧೯೮೦ರ ದಶಕದಲ್ಲಿ ಭಾರತವು ಅಪೇಕ್ಷಿಸಿದ ಬಲಿಷ್ಠವಾದ ಕ್ರೇ ಯಂತ್ರವನ್ನು ಕೊಡಲು ಅಮೆರಿಕಾ ಸರ್ಕಾರವು ಒಪ್ಪಲಿಲ್ಲ. ಕಡಿಮೆ ಶಕ್ತಿಯದೊಂದನ್ನು, ಹವಾಮಾನದ ಕಾರ್ಯಕ್ಕೆ ಮಾತ್ರವೆಂಬ ನಿರ್ಬಂಧದೊಡನೆ ಕೊಟ್ಟಿತು.

ಒಬ್ಬ ಜಟ್ಟಿಯು ದೊರೆಯದಿದ್ದರೆ ಹತ್ತು ಮಂದಿ ಆಳುಗಳನ್ನು ಕೂಡಿಸಬಾರದೇಕೆ? ಈ ವಿಚಾರವು ನಮ್ಮ ಬೆಂಗಳೂರಿಗೆ ಹೊಸದಲ್ಲ. ಅಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಪೇಟೆಯಲ್ಲಿ ದೊರೆಯುವ ಸಾಮಾನ್ಯ ಸಂಸ್ಕಾರಕಗಳನ್ನು ಜೋಡಿಸಿ, ೧೯೮೬ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾನಾಂತರ ಗಣಕವನ್ನು ನಿರ್ಮಿಸಿದರು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ 'ಪರಮ್' ಯಂತ್ರವು ೧೯೯೧ರಲ್ಲಿ ಅದೇ ತತ್ತ್ವವನ್ನು ಅನುಸರಿಸಿ ಬಂದಿತು.

ಬಿಡಿ ಸಂಸ್ಕಾರಕಗಳಿಗೆ ಬದಲಾಗಿ, ಕಚೇರಿಯ ಮೇಜಿನ ಮೇಲಿರುವಂತಹ ಇಡಿಯ ಗಣಕಗಳನ್ನೇ ಕೂಡಿಸುವ ಸುಲಭ ಮಾರ್ಗವನ್ನು ತೋರಿಸಿದವರು ಅಮೆರಿಕೆಯ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬ ಮಹಾಶಯರು. ನಾಸಾದ ಗಾಡರ್ಡ್ ಕೇಂದ್ರದಲ್ಲಿ ೧೯೯೪ರಲ್ಲಿ ಅವರು ಇಂಟೆಲ್ ೪೮೬ ಜಾತಿಯ ೧೬ ಗಣಕಗಳನ್ನು ಈಥರ್‌ನೆಟ್ ತಂತಿಗಳಿಂದ ಬೆಸೆದು, ಉಚಿತವಾಗಿ ದೊರೆಯುವ ಲಿನಕ್ಸ್ ತಂತ್ರಾಂಶದಿಂದ ನಡೆಸಿದರು. ಪ್ರಾಚೀನ ಆಂಗ್ಲ ಕಾವ್ಯವೊಂದರ ವೀರನ ಹೆಸರಾದ 'ಬೇವುಲ್ಫ್' ಎಂಬುದನ್ನು ಅದಕ್ಕಿಟ್ಟರು. ೨೦೦೩ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯವು ಆಪಲ್ ಕಂಪೆನಿಯ ೧,೧೦೦ ಮೇಜಿನ ಗಣಕಗಳನ್ನು ವೇಗದ ಜಾಲದಿಂದ ಕೂಡಿಸಿ, ಸುಮಾರು ೫೨ ಲಕ್ಷ ಡಾಲರು ವೆಚ್ಚದಲ್ಲಿ ಜಗತ್ತಿನ ಮಹಾಗಣಕಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನವನ್ನು ಗಳಿಸಿತು. ಅದೇ ಪಟ್ಟಿಯಲ್ಲಿ ಮೊದಲನೆಯದಾಗಿದ್ದ ಜಪಾನಿನ ಯಂತ್ರಕ್ಕೆ ೩೦ ಕೋಟಿ ಡಾಲರಿಗೂ ಮೀರಿ ವ್ಯಯವಾಗಿತ್ತು.

ಹಾಗೆಂದು ನೂರು ಗಣಕಗಳನ್ನು ಕೂಡಿಸಿದೊಡನೆ ನೂರ್ಮಡಿ ವೇಗವು ಬರುವುದೆಂದು ಭ್ರಮಿಸಬಾರದು. ಹತ್ತು ಕುಡುಗೋಲುಗಳಿಂದ ಹೊಲದ ಕೊಯ್ಲು ಬೇಗ ಮುಗಿದೀತು. ಹತ್ತು ಮಂದಿ ಕಾದು ಕುಳಿತರೆ ಪೈರು ಬೇಗ ಮಾಗಲಾರದು. ಯಾವ ಲೆಕ್ಕದಲ್ಲಿ ಹತ್ತನೆಯ ಒಂದು ಪಾಲು ಒಂದರ ಬೆನ್ನಿಗೆ ಒಂದರಂತೆ ನಡೆಯಲೇಬೇಕೋ, ಅದರ ವೇಗವು ಎಷ್ಟು ಗಣಕಗಳಿದ್ದರೂ ಹತ್ತು ಪಟ್ಟನ್ನು ಮೀರದು. ಜೀನ್ ಆಮ್ಡಾಲ್ ಎಂಬ ಗಣಕತಜ್ಞನು ೧೯೬೭ರಲ್ಲೇ ಮುಂದಿಟ್ಟ ವಾದದಿಂದ ಹೊರಟ ನಿಯಮವಿದು. ಅಲ್ಲದೆ ಗಣಕಗಳು ಪರಸ್ಪರ ಸುದ್ದಿ ಕಳುಹಿಸುವುದರಲ್ಲಿ ಕಾಲವು ಕಳೆಯುವುದು. ವಿದ್ಯುತ್ತಿನ ವೆಚ್ಚವೂ, ಕೋಣೆಯನ್ನು ತಂಪಾಗಿಡುವ ವೆಚ್ಚವೂ ಬೆಳೆಯುವುವು. ಮೂಲೆಗೆ ಬಿದ್ದ ಹಳೆಯ ಯಂತ್ರಗಳನ್ನೆಲ್ಲ ಒಟ್ಟಿದರೆ ಉಳಿದ ಹಣವು ವಿದ್ಯುತ್ತಿನ ಬಿಲ್ಲಿಗೆ ಹೋದೀತು.

ಆದುದರಿಂದ ಯಂತ್ರಗಳ ರಾಶಿಗಿಂತ, ಕೆಲಸವನ್ನು ಪಾಲುಮಾಡಿ ಹಂಚುವ ಬುದ್ಧಿಯೇ ಇಲ್ಲಿ ಮುಖ್ಯವಾದುದು. ಈ ವಿದ್ಯೆಯನ್ನು ಕಲಿಯಲು ಕೋಟಿ ರೂಪಾಯಿಗಳ ಮಹಾಗಣಕವು ಬೇಕಾಗಿಲ್ಲ. ಎಂಟು ಸಾಧಾರಣ ಗಣಕಗಳು, ಒಂದು ಜಾಲದ ಸ್ವಿಚ್ಚು, ಉಚಿತ ತಂತ್ರಾಂಶ, ಇವಿಷ್ಟಿದ್ದರೆ ಜಿಲ್ಲೆಯ ಕಾಲೇಜಿನಲ್ಲೂ ಪಾಠವನ್ನು ಆರಂಭಿಸಬಹುದು. ಅಲ್ಲಿ ಕಲಿತ ಕ್ರಮವೇ ದೊಡ್ಡ ಯಂತ್ರಗಳಲ್ಲಿಯೂ ನಡೆಯುವುದು; ೨೦೧೭ರ ನವೆಂಬರಿನಿಂದೀಚೆಗೆ ಆ ಜಾಗತಿಕ ಪಟ್ಟಿಯ ಐನೂರು ಯಂತ್ರಗಳೂ ಲಿನಕ್ಸಿನಿಂದಲೇ ನಡೆಯುತ್ತಿವೆ.

ವಿದ್ಯಾಧಿಕಾರಿಗಳು ಇದನ್ನು ಗಮನಿಸಬೇಕೆಂದು ನಮ್ಮ ಬಿನ್ನಹ. ಯಂತ್ರಕ್ಕೆ ಟೆಂಡರು ಕರೆದು ತರಿಸಬಹುದು. ಅದನ್ನು ದುಡಿಸಬಲ್ಲ ತರುಣರನ್ನು ನಾವೇ ತಯಾರುಮಾಡಬೇಕು. ಖರೀದಿಗೆ ತೆಗೆದಿಟ್ಟ ಮೊಬಲಗಿನಲ್ಲಿ ಒಂದು ಪಾಲನ್ನು ಅಧ್ಯಾಪಕರ ಶಿಕ್ಷಣಕ್ಕೂ ವಿದ್ಯಾರ್ಥಿಗಳ ಅಭ್ಯಾಸಕ್ಕೂ ಮೀಸಲಿಡುವುದು ಉಚಿತವು. ಅದಿಲ್ಲದೆ ಎಷ್ಟು ದೊಡ್ಡ ಯಂತ್ರವನ್ನು ತಂದರೂ ಅದು ಬೀಗ ಹಾಕಿದ ಕೋಣೆಯ ಅಲಂಕಾರವಾಗಿ ಉಳಿಯುವುದು.